ಹಿಡಿಸ್ಬಹುದು, ಬಿಡಿಸೋಕಾಗಲ್ಲ

ಸಂಜೆ ಆರೂವರೆ. ಬಾಗಿಲಲ್ಲಿ ಹೆಲ್ಮೆಟ್ ತೆಗೆಯದ ಹುಡುಗ. "ಹಾಕ್ಕೊಂಡು ನೋಡಿ ಅಕ್ಕಾ, ಬೇಡದ್ದು ಈಗ್ಲೇ ಕೊಟ್ಬಿಡಿ. ಟ್ಯಾಗ್ ಮಾತ್ರ ಕೀಳ್ಬೇಡಿ." ಮಗಳ ಕೈಗೆ ಮೂರು ಕುರ್ತಾ ಬಂದವು. ಬಣ್ಣ ಒಂದೇ, ಅಳತೆ ಮೂರು.

2010ರಲ್ಲಿ ಫ್ಲಿಪ್‌ಕಾರ್ಟ್‌ನವರು ಸಾಮಾನು ಕೈಗೆ ಬಂದಮೇಲೆ ದುಡ್ಡು ಕೊಡಿ ಎಂದಾಗ ನಮ್ಮಂಥವರ ಅರ್ಧ ಅನುಮಾನ ಹೋಗಿತ್ತು. ಉಳಿದರ್ಧ ಹೋಗಬೇಕಾದ್ದು ಬೀರುವಿನ ಕನ್ನಡಿಯ ಮುಂದೆ.

ಆ ಕನ್ನಡಿಯ ಮೂಲೆಯಲ್ಲಿ ಅಮ್ಮ ಅಂಟಿಸಿಟ್ಟ ಬಿಂದಿಗಳ ಸಾಲು. ಮಗಳು ಮುಂದೆ ತಿರುಗಿದಳು, ಹಿಂದೆ ತಿರುಗಿದಳು, ಕೈಯೆತ್ತಿ ನೋಡಿದಳು. ಅಂಗಡಿಯ ದೀಪಗಳು ಯಾವಾಗಲೂ ಅಂಗಡಿಯವನ ಪರ; ಮನೆಯ ಟ್ಯೂಬ್‌ಲೈಟಿಗೆ ದಾಕ್ಷಿಣ್ಯವಿಲ್ಲ. ಫೋನಿನಲ್ಲಿ ಸಾಸಿವೆ ಹೂವಿನಂತಿದ್ದ ಹಳದಿ ಇಲ್ಲಿ ಕುಂಬಳಕಾಯಿಯ ತಿರುಳಾಗಿತ್ತು.

'ಎಸ್' ತಲೆಯಲ್ಲೇ ಸಿಕ್ಕಿಕೊಂಡಿತು. 'ಎಂ' ಕಂಕುಳಲ್ಲಿ ಬಿಗಿ, 'ಎಲ್' ದೊಗಲೆ. ಹೋದ ತಿಂಗಳು ಬೇರೆ ಕಂಪನಿಯ 'ಎಸ್' ಇದೇ ಮೈಗೆ ಸರಿಯಾಗಿ ಕೂತಿತ್ತು! ನಮ್ಮವರ ಮೈಕಟ್ಟಿಗೆ ನಮ್ಮದೇ ಅಳತೆಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ, ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯಲು ಹೊರಟಿತ್ತು. ಅದರ ಫಲ ಈ ಕಂಕುಳಿನವರೆಗೆ ಬರುವ ತನಕ ಮೂರು ತರಿಸಿ ಎರಡು ವಾಪಸ್ ಕೊಡುವುದೇ ದಾರಿ.

ಅಮ್ಮ ಕನ್ನಡಿಯನ್ನು ನಂಬುವವರಲ್ಲ. 'ಎಂ' ಕುರ್ತಾವನ್ನು ಒಳಮಗ್ಗುಲಿಗೆ ತಿರುವಿ ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಸವರಿದರು. "ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲೇ ಪುಟ್ಟಿ! ನಾಳೆ ದಪ್ಪ ಆದ್ರೆ ಎಲ್ಲಿ ಬಿಚ್ಚಿಸ್ತೀಯ?" ಅವರ ಟೈಲರ್ ಎರಡು ಬೆರಳಗಲ ಬಿಡುತ್ತಿದ್ದನಂತೆ. ಚಿಕ್ಕಪೇಟೆಯಲ್ಲಿ ಬಿಳಿ ಹಾಸಿನ ಮೇಲೆ ಕೂತು, ಸೀರೆಗಳ ರಾಶಿ ಬಿಚ್ಚಿಸಿ, ಏನೂ ಕೊಳ್ಳದೆ ಎದ್ದು ಬರುವಾಗ ಇದೇ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ಆ ಸಂಕೋಚ ಈಗ ಮನೆ ಬಾಗಿಲಿಗೇ ಬಂದು ನಿಂತಿದೆ. ಎರಡು ಸಲ ಇಣುಕಿ ನೋಡಿ ಬಂದರು, ಮೂರನೆಯ ಸಲ ಲೋಟದಲ್ಲಿ ಮಜ್ಜಿಗೆ ಒಯ್ದರು.

"ಬೇಡ ಅಜ್ಜಿ, ಇನ್ನೂ ನಾಲ್ಕು ಮನೆ ಇದೆ" ಎನ್ನುತ್ತಲೇ ಹುಡುಗ ನಿಂತಲ್ಲೇ ಕುಡಿದ. ವಾಪಸಾದ ಎರಡರ ಕಾಲರ್ ತಿರುವಿದ, ಟ್ಯಾಗ್ ನೋಡಿದ, ಫೋಟೊ ತೆಗೆದ, ಮಡಿಸಲು ಪುರುಸೊತ್ತಿಲ್ಲದೆ ಚೀಲಕ್ಕೆ ತುರುಕಿದ.

ಉಳಿದದ್ದು 'ಎಲ್'. ತೀರ್ಪು ಅಮ್ಮನದೇ: "ದೊಡ್ಡದೇ ಇರ್ಲಿ. ಹಿಡಿಸ್ಬಹುದು, ಬಿಡಿಸೋಕಾಗಲ್ಲ." ಬೀದಿ ಕೊನೆಯ ಟೈಲರ್ ಎಂಟಕ್ಕೆ ಬಾಗಿಲು ಹಾಕುತ್ತಾನೆ. ಅಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದರು.