ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ

ರಜೆಗೆ ಬರುವ ನಮ್ಮ ಗಲ್ಫ್ ಹುಡುಗರು ಮುರುಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬರುವುದು ಈಗ ಮಾಮೂಲು. ಹಾಗೆ ಹೋಗಿ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕೇಳಿದ: "ಉಸ್ತಾದ್, ಯಾರಿಗಾದರೂ ಉಸಿರು ನಿಂತರೆ ಬೆನ್ನಲ್ಲೇ ಆಕ್ಸಿಜನ್ ಉಂಟಲ್ಲ. ಅದನ್ನೇ ಬಾಯಿಗಿಟ್ಟು ಬಟನ್ ಒತ್ತಿದರೆ ಸಾಕಲ್ವಾ?"

ಸಾಲದು. ಮೊದಲನೆಯದಾಗಿ, ಅದು ಆಕ್ಸಿಜನ್ನೇ ಅಲ್ಲ. ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ್ದು, ಆಮ್ಲಜನಕ ಶೇ. 21 ಮಾತ್ರ. ಎರಡನೆಯದಾಗಿ, ಬಾಯಿಗಿಡುವ ರೆಗ್ಯುಲೇಟರ್ ಗಾಳಿ ಕೊಡುವುದು ನಾವು ಎಳೆದುಕೊಂಡಾಗ. ಎಚ್ಚರ ತಪ್ಪಿದವನು ಎಳೆದುಕೊಳ್ಳುವುದಿಲ್ಲ. ಅದರ ಮುಂದಿನ ಗುಂಡಿ ಒತ್ತಿದರೆ ಗಾಳಿ ಹಿಡಿತವಿಲ್ಲದೆ ನುಗ್ಗುತ್ತದೆ. ಅದು ಹೊಟ್ಟೆಗೆ ಹೋದರೆ ವಾಂತಿಯಾಗಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಒತ್ತಡ ಹೆಚ್ಚಾದರೆ ಶ್ವಾಸಕೋಶವೇ ಹರಿಯಬಹುದು. ಉಳಿಸಲು ಹೋಗಿ ಕೊಂದ ಹಾಗೆ.

ಉಸಿರು ನಿಂತವನಿಗೆ ಬೇಕಾದ್ದು ನಮ್ಮದೇ ಉಸಿರು. ನಾವು ಹೊರಬಿಡುವ ಗಾಳಿಯಲ್ಲೂ ಶೇ. 16ರಷ್ಟು ಆಮ್ಲಜನಕ ಉಳಿದಿರುತ್ತದೆ. ದೋಣಿಗೆ ಎತ್ತಿದ ಕೂಡಲೇ ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಎದೆ ಏರುವಷ್ಟು ಊದಬೇಕು. ಆಮೇಲೆಯೂ ಉಸಿರು ಬಾರದಿದ್ದರೆ ಎದೆಯ ನಡುವೆ 30 ಸಲ ಒತ್ತು, 2 ಸಲ ಉಸಿರು, ಹೀಗೇ ಮುಂದುವರಿಸಬೇಕು. ತಲೆಕೆಳಗೆ ಹಿಡಿದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಅದರಲ್ಲಿ ಹೋಗುವ ನಿಮಿಷ ತಿರುಗಿ ಬರುವುದಿಲ್ಲ.

ಇಲ್ಲಿ ಮುಜುಗರದ ಪ್ರಶ್ನೆಯೊಂದು ಬರುತ್ತದೆ. ಬಿದ್ದವರು ಅನ್ಯ ಹೆಣ್ಣಾದರೆ? ಅನ್ಯ ಗಂಡಾದರೆ? ಉತ್ತರ ಕಷ್ಟದ್ದಲ್ಲ. ಅನಿವಾರ್ಯ ಬಂದಾಗ ನಿಷಿದ್ಧವಾದುದೂ ಅನುಮತಿಯಾಗುತ್ತದೆ ಎಂಬುದು ಫಿಕ್ಹಿನ ಮೂಲ ನಿಯಮ. ಜೀವ ಹೋಗುವ ಹೊತ್ತಿನಲ್ಲಿ ಮಹ್ರಮ್ ಯಾರೆಂದು ಹುಡುಕುತ್ತಾ ನಿಲ್ಲುವುದು ದೀನಲ್ಲ. ಇದನ್ನು ನಾವು ಮದ್ರಸದ ದೊಡ್ಡ ತರಗತಿಗಳಲ್ಲಿ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿಲ್ಲ, ತಪ್ಪು ನಮ್ಮದೇ.

ಹಾಗಾದರೆ ನಿಜವಾದ ಆಕ್ಸಿಜನ್ ಯಾವಾಗ? ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಗಡಿಬಿಡಿಯಿಂದ ಮೇಲೆ ಬಂದರೆ, ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳುತ್ತದೆ. ಗಂಟು ನೋವು, ಜೋಮು, ತಲೆ ತಿರುಗುವುದು, ಕೈಕಾಲು ಸೋಲುವುದು, ಇವೆಲ್ಲ ಕೆಲವು ಗಂಟೆ ಬಿಟ್ಟೂ ಬರಬಹುದು. ನಮ್ಮವರು ಗ್ಯಾಸ್ ಅಂತ ಶುಂಠಿ ಕಷಾಯ ಕೊಡುತ್ತಾರೆ! ಆಗ ಬೇಕಾದ್ದು ಶುದ್ಧ ಆಮ್ಲಜನಕ. ಅದು ನೈಟ್ರೋಜನನ್ನು ಬೇಗ ಹೊರಹಾಕುತ್ತದೆ. ನೋವು ಕಮ್ಮಿಯಾಯಿತೆಂದು ನಿಲ್ಲಿಸದೆ, ಒತ್ತಡದ ಚೇಂಬರ್ ಚಿಕಿತ್ಸೆ ಬೇಕೋ ಎಂದು ವೈದ್ಯರೇ ಹೇಳಬೇಕು.

ಇದಕ್ಕಾಗಿ ದೋಣಿಯಲ್ಲಿ ಬೇರೆಯೇ ಕಿಟ್ ಇರಬೇಕು. ಅದರ ಡಿಮಾಂಡ್ ವಾಲ್ವ್ ಸ್ಕೂಬಾ ರೆಗ್ಯುಲೇಟರಿನ ಒಡಹುಟ್ಟು. ಎಳೆದಷ್ಟೇ ಕೊಡುತ್ತದೆ, ಪೋಲಾಗುವುದಿಲ್ಲ. ಆದರೆ ಸ್ವತಃ ಉಸಿರಾಡುವವರಿಗೆ ಮಾತ್ರ. ಮಾಸ್ಕಿಗೆ ಬಿಡದೆ ಹರಿಸುವುದಾದರೆ ನಿಮಿಷಕ್ಕೆ 15 ಲೀಟರ್ ಬೇಕು, 1500 ಲೀಟರಿನ ಸಿಲಿಂಡರ್ 100 ನಿಮಿಷಕ್ಕೆ ಖಾಲಿ. ನೇತ್ರಾಣಿಯಿಂದ ದಡಕ್ಕೆ, ದಡದಿಂದ ಆಸ್ಪತ್ರೆಗೆ ಎಷ್ಟು ಹೊತ್ತೆಂದು ಲೆಕ್ಕ ಹಾಕಿ ನೋಡಿ. ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟಬಾರದು, ಹತ್ತಿರ ಬೀಡಿ ಸೇದಬಾರದು, ಬೆಂಕಿ ಹೊತ್ತುತ್ತದೆ. ಮೀನು ಫ್ರೈ ತಿಂದ ಕೈಯೂ ಎಣ್ಣೆ ಕೈಯೇ.

ದುಡ್ಡು ಕಟ್ಟುವ ಮೊದಲು ಕೇಳಿ: ಕಿಟ್ ಉಂಟಾ? ತುಂಬಿದೆಯಾ? ಬಳಸಲು ಕಲಿತವರು ಇಂದು ದೋಣಿಯಲ್ಲಿದ್ದಾರಾ?

ಹುಡುಗನಿಗೆ ವಿಮಾನ ಯಾವಾಗ ಅಂತ ಕೇಳಿದೆವು. "ನಾಳೆ ಬೆಳಿಗ್ಗೆ, ಉಸ್ತಾದ್." ನೀರಿಗಿಳಿದದ್ದು? "ಮೊನ್ನೆ." ಹಾಗಾದರೆ ಸರಿ ಅಂದೆವು. ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಮೈಯಲ್ಲಿ ಜೋಮು ಗೀಮು ಇದ್ದರೆ ಟಿಕೆಟ್ ಹೋದರೂ ಹೋಗಲಿ, ಮೊದಲು ಡಾಕ್ಟರ್.