ನುರಿತ ಚಾಲಕನಿಗೆ ಎ.ಬಿ.ಎಸ್. ಬ್ರೇಕು ಬೇಕೆ?

ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ಇಳಿಯುವ ಚಾಲಕರಲ್ಲಿ, ಹೊಸ ಗಾಡಿಗಳಿಗೆ ಬರುವ ಎ.ಬಿ.ಎಸ್. ಬ್ರೇಕಿನ ವಿಷಯವಾಗಿ ಎರಡು ಪಕ್ಷಗಳಿವೆ. ಇಪ್ಪತ್ತು ವರ್ಷ ಕಾಲಿನಲ್ಲಿ ಕಲಿತದ್ದನ್ನು ಒಂದು ಡಬ್ಬಿ ಬಂದು ನಮಗೆ ಕಲಿಸಬೇಕೆ ಎಂದು ಹಳಬರು ಕೇಳುತ್ತಾರೆ. ಅದಿಲ್ಲದ ಗಾಡಿಯನ್ನು ಮಳೆಗಾಲದಲ್ಲಿ ಮುಟ್ಟಲೇ ಬಾರದು ಎಂದು ಹೊಸಬರು ಹೇಳುತ್ತಾರೆ. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ಲಾರಿ, ವ್ಯಾನುಗಳನ್ನು ನಡೆಸಿ ಸಂಸಾರ ಸಾಗಿಸುವವರ ಮಕ್ಕಳು. ಇನ್ನು ಕೆಲವೇ ವರ್ಷಗಳಲ್ಲಿ ಅವರ ಕೈಗೂ ಬೈಕಿನ ಹ್ಯಾಂಡಲೋ ಕಾರಿನ ಸ್ಟೇರಿಂಗೋ ಬರುವುದು ಖಂಡಿತ. ಆದುದರಿಂದ ಕನ್ನಡ ಪಾಠ ಹೇಳುವ ನಾವು ವಿಜ್ಞಾನದ ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟರೆ, ವಿಜ್ಞಾನದ ಮೇಷ್ಟರು ಮುನಿಯಲಾರರೆಂದು ನಂಬಿದ್ದೇವೆ.

ಮೊದಲು ಹೆಸರಿನ ಮಾತು. ಎ.ಬಿ.ಎಸ್. ಎಂದರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಂ. ಇಲ್ಲಿ ಲಾಕ್ ಎಂದರೆ ಬೀಗವಲ್ಲ. ಗಾಡಿ ಇನ್ನೂ ಮುಂದೆ ಓಡುತ್ತಿರುವಾಗಲೇ ಬ್ರೇಕಿನ ಹಿಡಿತಕ್ಕೆ ಸಿಕ್ಕಿ ಚಕ್ರ ತಿರುಗುವುದನ್ನು ನಿಲ್ಲಿಸಿಬಿಡುತ್ತದೆಯಲ್ಲ, ಅದು ಲಾಕ್ ಆಗುವುದು. ‘ಚಕ್ರ ಕಚ್ಚಿಕೊಂಡಿತು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಹೀಗೆ ಕಚ್ಚದಂತೆ ನೋಡಿಕೊಳ್ಳುವ ಏರ್ಪಾಡೇ ಎ.ಬಿ.ಎಸ್. ಇದಕ್ಕೊಂದು ಸಂಸ್ಕೃತ ಪದ ಕಟ್ಟುವ ಚಪಲ ನಮಗೂ ಬಾರದೆ ಇರಲಿಲ್ಲ. ಆದರೆ ಮೆಕ್ಯಾನಿಕ್ ಅಂಗಡಿಯಲ್ಲಿ ನಡೆಯದ ಪದದಿಂದ ಯಾರಿಗೆ ಪ್ರಯೋಜನ? ಇದ್ದ ಹೆಸರನ್ನೇ ಇಟ್ಟುಕೊಂಡಿದ್ದೇವೆ.

ಚಕ್ರ ಕಚ್ಚಿದರೆ ಕೆಡುಕೇನು? ಗಾಡಿ ಬೇಗ ನಿಲ್ಲಬೇಕಲ್ಲವೆ ಎಂದು ತೋರುವುದು ಸಹಜ. ಗಾಡಿಯನ್ನು ನಿಲ್ಲಿಸುವುದು ಬ್ರೇಕೆಂದು ನಾವು ತಿಳಿದಿದ್ದರೂ ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಗಾಡಿಯನ್ನು ತಡೆದು ನಿಲ್ಲಿಸುವುದು ಟಯರಿಗೂ ರಸ್ತೆಗೂ ನಡುವಣ ಘರ್ಷಣೆ. ಭಾರವಾದ ಮರದ ಪೆಟ್ಟಿಗೆಯನ್ನು ನೆಲದ ಮೇಲೆ ತಳ್ಳಿ ನೋಡಿ. ಕದಲಿಸುವ ತನಕ ಬಹಳ ಬಲ ಬೇಕು. ಒಮ್ಮೆ ಜಾರತೊಡಗಿದರೆ ಅಷ್ಟು ಬೇಡ. ಟಯರಿನ ಕಥೆಯೂ ಹೆಚ್ಚು ಕಡಮೆ ಇದೇ. ಉರುಳುತ್ತ ನೆಲವನ್ನು ಹಿಡಿಯುವ ಟಯರಿಗೆ ಇರುವ ಹಿಡಿತ, ಉಜ್ಜಿಕೊಂಡು ಜಾರುವ ಟಯರಿಗೆ ಇಲ್ಲ. ಗಾಡಿಯ ವೇಗಕ್ಕಿಂತ ಚಕ್ರದ ವೇಗ ಶೇಕಡಾ 10ರಿಂದ 20ರಷ್ಟು ಹಿಂದೆ ಬಿದ್ದಾಗ ಹಿಡಿತ ಹೆಚ್ಚೆಂದು ಎಂಜಿನಿಯರರು ಕಂಡುಕೊಂಡಿದ್ದಾರೆ. ಅದನ್ನು ದಾಟಿದರೆ ಹಿಡಿತ ಇಳಿಯುತ್ತದೆ. ಒದ್ದೆ ರಸ್ತೆಯಲ್ಲಿ ಈ ಇಳಿತ ಇನ್ನೂ ಹೆಚ್ಚು.

ಇದಕ್ಕಿಂತ ದೊಡ್ಡ ಕೆಡುಕು ಮತ್ತೊಂದಿದೆ. ಕಚ್ಚಿದ ಮುಂಚಕ್ರಕ್ಕೆ ತಿರುಗಿಸುವ ಶಕ್ತಿ ಇಲ್ಲ. ಸ್ಟೇರಿಂಗನ್ನು ಎಷ್ಟು ಹೊರಳಿಸಿದರೂ ಗಾಡಿ ಮೊದಲು ಹೋಗುತ್ತಿದ್ದ ದಿಕ್ಕಿಗೇ ಜಾರುತ್ತದೆ. ಹಿಂಚಕ್ರ ಮೊದಲು ಕಚ್ಚಿದರೋ, ಗಾಡಿಯ ಹಿಂಭಾಗವೇ ಸುತ್ತಿ ಮುಂದೆ ಬರುತ್ತದೆ. ಕಬ್ಬಿನ ಲಾರಿಗಳಿಗಾಗಿ ಆನೆಗಳು ಕಾದು ನಿಲ್ಲುವ ನಮ್ಮ ಕಾಡುದಾರಿಯಲ್ಲಿ, ನಿಲ್ಲಿಸಲು ಸಾಲದೆ ಹೋದರೂ ಪಕ್ಕಕ್ಕೆ ಸರಿಸಲು ಸಾಧ್ಯವಾದರೆ ಜೀವ ಉಳಿದೀತು ಎನ್ನುವ ಸಂದರ್ಭಗಳು ಎಷ್ಟೋ.

ಹಳೆಯ ಚಾಲಕರು ಇದನ್ನೆಲ್ಲ ಪುಸ್ತಕವಿಲ್ಲದೆ ಬಲ್ಲವರು. ಕಚ್ಚುವ ಅಂಚಿನವರೆಗೆ ಒತ್ತಿ, ಅಲ್ಲಿಯೇ ಪೆಡಲನ್ನು ತಡೆದು ಹಿಡಿಯುವುದು ಅವರ ಒಂದು ವಿದ್ಯೆ. ಜಾರಿಕೆಯ ರಸ್ತೆಯಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ‘ಪಂಪ್’ ಮಾಡುವುದು ಇನ್ನೊಂದು. ಎ.ಬಿ.ಎಸ್. ಮಾಡುವುದೂ ಈ ಎರಡನೆಯದನ್ನೇ. ಪ್ರತಿ ಚಕ್ರದ ಬಳಿ ಅದರ ವೇಗವನ್ನು ಅಳೆಯುವ ಒಂದು ಸಂವೇದಕ ಇರುತ್ತದೆ. ಒಂದು ಚಕ್ರ ಸಹಜವಲ್ಲದಷ್ಟು ಥಟ್ಟನೆ ನಿಧಾನವಾದರೆ, ಇದು ಕಚ್ಚಲು ಹೊರಟಿದೆ ಎಂದು ಯಂತ್ರ ತಿಳಿದು, ಆ ಚಕ್ರದ ಬ್ರೇಕಿನ ಒತ್ತಡವನ್ನು ಒಂದು ಕವಾಟದಿಂದ ಇಳಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದೊಡನೆ ಒತ್ತಡವನ್ನು ಏರಿಸುತ್ತದೆ. ಸೆಕೆಂಡಿಗೆ ಹಲವು ಬಾರಿ ಇದು ನಡೆಯುವುದರಿಂದ ಪೆಡಲು ಕಾಲಿನ ಕೆಳಗೆ ಗಡಗಡನೆ ನಡುಗುತ್ತದೆ. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆಯುವವರುಂಟು. ಕಾಲು ತೆಗೆದರೆ ಬ್ರೇಕೂ ಹೋಯಿತು, ಎ.ಬಿ.ಎಸ್. ಕೂಡ ಹೋಯಿತು. ಪಂಪ್ ಮಾಡುವ ಹಳೆಯ ಅಭ್ಯಾಸವೂ ಇಲ್ಲಿ ಕೇಡೇ: ನಾವು ಕಾಲೆತ್ತಿದಷ್ಟು ಹೊತ್ತು ಯಂತ್ರಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಎ.ಬಿ.ಎಸ್. ಇರುವ ಕಾರಿನಲ್ಲಿ ಅಪಾಯ ಬಂದಾಗ ಪೂರ್ತಿ ಒತ್ತಬೇಕು, ಒತ್ತಿಯೇ ಇರಬೇಕು, ಕಣ್ಣನ್ನು ತಪ್ಪಿಸಿಕೊಳ್ಳುವ ದಾರಿಯ ಕಡೆಗೆ ಇಟ್ಟು ಸ್ಟೇರಿಂಗ್ ತಿರುಗಿಸಬೇಕು. ನುರಿತವನ ಕೈಕಾಲಿನ ಅಭ್ಯಾಸ ಅವನಿಗೇ ಅಡ್ಡಿಯಾಗುವ ಮೊದಲ ಸ್ಥಳ ಇದು.

ಈ ಯಂತ್ರ ಹುಟ್ಟಿದ್ದು ಕಾರಿಗಾಗಿ ಅಲ್ಲ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿ ವಿಮಾನಗಳಿಗೆಂದು ಮ್ಯಾಕ್ಸರೆಟ್ ಎಂಬ ಸಾಧನವನ್ನು ಮಾಡಿತು. ಇಳಿಯುವ ವಿಮಾನದ ಚಕ್ರ ಕಚ್ಚಿದರೆ ಟಯರು ಸವೆದು ಒಡೆದುಹೋಗುತ್ತಿತ್ತು. ನೆಲದಿಂದ ಅಷ್ಟು ಎತ್ತರದಲ್ಲಿ ಕುಳಿತ ಪೈಲಟನಿಗೆ ಯಾವ ಚಕ್ರ ಕಚ್ಚಿತೆಂದು ತಿಳಿಯುವುದಾದರೂ ಹೇಗೆ? ವಿಮಾನದ ಪೈಲಟನಿಗಿಂತ ನುರಿತ ಚಾಲಕ ಬೇರೆ ಯಾರು? ಅವನಿಗಾಗಿಯೇ ಮಾಡಿದ ಯಂತ್ರವಿದು. 1966ರಲ್ಲಿ ಅದನ್ನು ಜೆನ್ಸನ್ ಎಫ್.ಎಫ್. ಎಂಬ ಕಾರಿಗೂ ಅಳವಡಿಸಿದರು. ಈಗಿನಂತೆ ನಾಲ್ಕು ಚಕ್ರಕ್ಕೂ ಎಲೆಕ್ಟ್ರಾನಿಕ್ ಎ.ಬಿ.ಎಸ್. ಬಂದದ್ದು 1978ರಲ್ಲಿ, ಜರ್ಮನಿಯ ಬಾಷ್ ಕಂಪನಿಯಿಂದ, ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್ ಕಾರಿಗೆ.

ಈಗ ಮೂಲ ಪ್ರಶ್ನೆಗೆ ಬರೋಣ. ಒಣಗಿದ ಒಳ್ಳೆಯ ಡಾಂಬರು ರಸ್ತೆ, ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತು, ಮನಸ್ಸು ಸಿದ್ಧವಾಗಿದೆ. ಇಂಥ ಪರೀಕ್ಷೆಯಲ್ಲಿ ಪಳಗಿದ ಚಾಲಕ ಯಂತ್ರಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ. ಒತ್ತಡವನ್ನು ಒರಟಾಗಿ ಇಳಿಸಿ ಏರಿಸುತ್ತಿದ್ದ ಮೊದಮೊದಲಿನ ಯಂತ್ರಗಳನ್ನು ಸೋಲಿಸಲೂ ಬಲ್ಲವನಾಗಿದ್ದ. ಹಳಬರ ಹೆಮ್ಮೆ ಸುಳ್ಳಲ್ಲ. ಆದರೆ ಎಡಚಕ್ರಗಳು ರಸ್ತೆಯಂಚಿನ ಕೆಸರಿನ ಮೇಲೆ, ಬಲಚಕ್ರಗಳು ಒಣ ಡಾಂಬರಿನ ಮೇಲೆ ಇವೆಯೆನ್ನಿ. ಎಡಗಡೆಗೆ ಹಗುರ ಬ್ರೇಕು ಬೇಕು, ಬಲಗಡೆಗೆ ಬಿಗಿ ಬ್ರೇಕು ಬೇಕು. ಚಾಲಕನಿಗಿರುವುದು ಒಂದು ಪೆಡಲು, ಅದರ ಮೇಲಿಡಲು ಒಂದು ಕಾಲು. ಎಂಥ ಜಾಣನಾದರೂ ಒಂದೇ ಪೆಡಲಿನಿಂದ ನಾಲ್ಕು ಚಕ್ರಗಳಿಗೆ ನಾಲ್ಕು ಬಗೆಯ ಅಪ್ಪಣೆ ಕೊಡಲಾರ. ಇದು ಕೌಶಲದ ಕೊರತೆಯಲ್ಲ, ಪೆಡಲಿನ ಕೊರತೆ. ಎ.ಬಿ.ಎಸ್. ಪರವಾದ ವಾದಗಳಲ್ಲಿ ನಮಗೆ ಅತ್ಯಂತ ಗಟ್ಟಿಯೆಂದು ಕಂಡದ್ದು ಇದು.

ಇನ್ನೊಂದು ಸಾಕ್ಷಿ ಫಾರ್ಮುಲಾ ಒನ್ ಪಂದ್ಯಗಳದು. 1993ರಲ್ಲಿ ವಿಲಿಯಮ್ಸ್ ತಂಡದ ಕಾರಿನಲ್ಲಿ ಎ.ಬಿ.ಎಸ್. ಇತ್ತು. 1994ರಿಂದ ಅಲ್ಲಿ ಅದನ್ನು ನಿಷೇಧಿಸಿದರು. ನುರಿತವರಿಗೆ ಅದು ಅಡ್ಡಿಯೇ ಆಗಿದ್ದರೆ ನಿಷೇಧಿಸುವ ಅಗತ್ಯವೇನಿತ್ತು? ತಾವಾಗಿಯೇ ಬಿಡುತ್ತಿದ್ದರು. ಜಗತ್ತಿನ ಅತಿ ಚತುರ ಚಾಲಕರಿಗೂ ಅದರಿಂದ ಲಾಭವಿತ್ತು. ಆಟದಲ್ಲಿ ಮನುಷ್ಯನ ಕೈಚಳಕ ಕಾಣಬೇಕೆಂದು ತೆಗೆದರು. ಪಂದ್ಯಕ್ಕೆ ಅದು ನ್ಯಾಯವೇ ಸರಿ. ಮಕ್ಕಳನ್ನು ತುಂಬಿಕೊಂಡು ಘಾಟಿ ಇಳಿಯುವ ವ್ಯಾನಿಗೆ ಆ ನ್ಯಾಯ ಹೊಂದುವುದಿಲ್ಲ.

ಹಾಗೆಂದು ಯಂತ್ರ ಎಲ್ಲೆಡೆಯೂ ಗೆಲ್ಲುತ್ತದೆಯೆ? ಇಲ್ಲ. ಬಿಡಿ ಜಲ್ಲಿಯ ರಸ್ತೆಯಲ್ಲಿ ಕಚ್ಚಿದ ಚಕ್ರ ತನ್ನ ಮುಂದೆ ಜಲ್ಲಿಯನ್ನು ದಿಬ್ಬದಂತೆ ತಳ್ಳಿಕೊಂಡು, ಅದಕ್ಕೇ ತಡೆದು ನಿಲ್ಲುತ್ತದೆ. ಉರುಳುತ್ತಲೇ ಇರುವ ಚಕ್ರ ಆ ದಿಬ್ಬವನ್ನು ಹತ್ತಿ ದಾಟುತ್ತದೆ. ಅಮೆರಿಕದ ಸರ್ಕಾರಿ ಸಂಚಾರ ಸುರಕ್ಷಾ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಹೆಚ್ಚಿನ ಬಗೆಯ ರಸ್ತೆಗಳ ಮೇಲೆ ಎ.ಬಿ.ಎಸ್. ಇರುವ ಗಾಡಿ ಬೇಗ ನಿಂತರೆ, ಬಿಡಿ ಜಲ್ಲಿಯ ಮೇಲೆ ಸರಾಸರಿ ಶೇಕಡಾ 27ರಷ್ಟು ಹೆಚ್ಚು ದೂರ ಹೋಯಿತು. ನಮ್ಮ ಹಳ್ಳಿಗಳ ಹಾದಿಗಳನ್ನು ನೆನೆದರೆ ಇದು ಸಣ್ಣ ಮಾತಲ್ಲ. ಕೆಲವು ಬೈಕುಗಳಲ್ಲಿ ಮಣ್ಣು ದಾರಿಗೆಂದು ಹಿಂಚಕ್ರದ ಎ.ಬಿ.ಎಸ್. ಅನ್ನು ಆರಿಸುವ ಗುಂಡಿಯನ್ನೂ ಇಟ್ಟಿರುತ್ತಾರೆ. ಆದರೂ ಜಲ್ಲಿಯ ಮೇಲೆ ಸ್ಟೇರಿಂಗಿನ ಹತೋಟಿ ಉಳಿಯುವುದು ಎ.ಬಿ.ಎಸ್. ಇದ್ದವನಿಗೇ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಸ್ವಾರಸ್ಯವಾದ ಕಥೆ ಜರ್ಮನಿಯ ಮ್ಯೂನಿಕ್ ನಗರದ್ದು. 1980ರ ದಶಕದಲ್ಲಿ ಅಲ್ಲಿಯ ಒಂದು ಟ್ಯಾಕ್ಸಿ ಸಮೂಹದ ಕೆಲವು ಕಾರುಗಳಿಗೆ ಎ.ಬಿ.ಎಸ್. ಇತ್ತು, ಕೆಲವಕ್ಕೆ ಇರಲಿಲ್ಲ; ಉಳಿದಂತೆ ಎಲ್ಲವೂ ಒಂದೇ. ಓಡಿಸುವವರು ಹೊಟ್ಟೆಪಾಡಿಗೆ ದಿನವೆಲ್ಲ ಸ್ಟೇರಿಂಗ್ ಹಿಡಿಯುವ ಪಳಗಿದ ಜನ. ಎ.ಬಿ.ಎಸ್. ಇರುವ ಕಾರುಗಳಿಗೆ ಅಪಘಾತ ಬಹಳ ಕಡಮೆಯಾಗಿರಬೇಕಲ್ಲವೆ? ಲೆಕ್ಕ ಹಾಕಿ ನೋಡಿದರೆ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಪ್ರಯಾಣಿಕರಂತೆ ಹತ್ತಿ ಕುಳಿತ ವೀಕ್ಷಕರು ಗುಟ್ಟಾಗಿ ಗಮನಿಸಿದಾಗ ಕಾರಣ ತಿಳಿಯಿತು. ಎ.ಬಿ.ಎಸ್. ಇದೆಯೆಂದು ಬಲ್ಲ ಚಾಲಕರು ತಿರುವುಗಳನ್ನು ಹೆಚ್ಚು ರಭಸದಿಂದ ತೆಗೆದುಕೊಳ್ಳುತ್ತಿದ್ದರು; ತಮ್ಮ ಸಾಲಿನಲ್ಲಿ ನೆಟ್ಟಗೆ ಹೋಗುವ ಎಚ್ಚರವೂ ಅವರಲ್ಲಿ ಕಡಮೆಯಾಗಿತ್ತು. ಯಂತ್ರ ಕೊಟ್ಟ ಸುರಕ್ಷೆಯನ್ನು ಅವರು ವೇಗಕ್ಕೆ ಬದಲಾಯಿಸಿಕೊಂಡಿದ್ದರು! ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಆದರೆ ತಾನು ನುರಿತವನೆಂಬ ಭಾವನೆ ಇರುವವನಿಗೇ ಈ ಪ್ರಲೋಭನೆ ಹೆಚ್ಚೆಂದು ನಮಗೆ ತೋರುತ್ತದೆ.

ಅಮೆರಿಕದ ಅದೇ ಸಂಸ್ಥೆ ಹಲವು ವರ್ಷಗಳ ಅಪಘಾತಗಳ ಲೆಕ್ಕ ತೆಗೆದು 2009ರಲ್ಲಿ ಒಂದು ವರದಿ ಕೊಟ್ಟಿತು. ಪ್ರಾಣಹಾನಿಯಿಲ್ಲದ ಅಪಘಾತಗಳು ಕಾರುಗಳಲ್ಲಿ ಶೇಕಡಾ 6ರಷ್ಟು ಇಳಿದಿದ್ದವು. ಪ್ರಾಣ ಹೋಗುವ ಅಪಘಾತಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಬದಲಾವಣೆ ಶೂನ್ಯಕ್ಕೆ ಸಮೀಪ. ಪಾದಚಾರಿಗಳಿಗೆ ಬಡಿಯುವುದು, ಒದ್ದೆ ರಸ್ತೆಯಲ್ಲಿ ಬೇರೆ ಗಾಡಿಗೆ ಡಿಕ್ಕಿಯಾಗುವುದು ಕಡಮೆಯಾಗಿದ್ದವು. ರಸ್ತೆ ಬಿಟ್ಟು ಹೊರಗೆ ಹಾರುವುದು ಹೆಚ್ಚಾಗಿತ್ತು. ಗಾಬರಿಯಲ್ಲಿ ಸ್ಟೇರಿಂಗನ್ನು ಪೂರ್ತಿ ಎಳೆದಾಗ, ಹಿಂದೆ ಜಾರುತ್ತಿದ್ದ ಗಾಡಿ ಈಗ ನಿಜವಾಗಿಯೂ ತಿರುಗಿಬಿಡುವುದು ಇದಕ್ಕೆ ಕಾರಣವಿರಬಹುದೆಂದು ಕೆಲವರ ಊಹೆ. ಗಾಡಿ ಹೀಗೆ ಅಡ್ಡ ಹೋಗದಂತೆ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕು ಹಾಕುವ ಸ್ಥಿರತಾ ನಿಯಂತ್ರಣ 1995ರಲ್ಲಿ ಬಂದಿತು. ಅದೂ ಎ.ಬಿ.ಎಸ್. ಉಪಕರಣದ ಮೇಲೆಯೇ ನಿಂತಿದೆ.

ಬೈಕಿನ ಮಾತು ಬೇರೆ. ಕಾರಿನ ಚಕ್ರ ಕಚ್ಚಿದರೂ ಕಾರು ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಬೈಕಿನ ಮುಂಚಕ್ರ ಕಚ್ಚಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ಸವಾರ ನೆಲದ ಮೇಲೆ. ಆ ಭಯದಿಂದಲೇ ಅನೇಕರು ಮುಂದಿನ ಬ್ರೇಕನ್ನು ಮುಟ್ಟುವುದೇ ಇಲ್ಲ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂಚಕ್ರಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇದೆ. ಅದನ್ನು ಬಿಟ್ಟು ಹಿಂದಿನದನ್ನು ಮಾತ್ರ ಒತ್ತುವುದು ಅರ್ಧ ಬ್ರೇಕಿನಲ್ಲಿ ಓಡಿಸಿದಂತೆ. ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಮಾದರಿಯ ಬೈಕುಗಳಿಗೆ 2018ರ ಏಪ್ರಿಲ್ 1ರಿಂದಲೂ, ಮಾರಾಟದಲ್ಲಿದ್ದ ಹಳೆಯ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದಲೂ ಎ.ಬಿ.ಎಸ್. ಕಡ್ಡಾಯವಾಯಿತು. ಇದರಲ್ಲೂ ಎರಡು ಬಗೆಯುಂಟು. ‘ಸಿಂಗಲ್ ಚಾನೆಲ್’ ಎಂದಿದ್ದರೆ ಮುಂಚಕ್ರಕ್ಕೆ ಮಾತ್ರ. ಹಿಂದಿನದು ಮೊದಲಿನಂತೆಯೇ ಕಚ್ಚುತ್ತದೆ. ‘ಡ್ಯುಯಲ್ ಚಾನೆಲ್’ ಎಂದಿದ್ದರೆ ಎರಡಕ್ಕೂ. ಬೈಕು ಕೊಡಿಸೆಂದು ಮನೆಯಲ್ಲಿ ಹಟ ಹಿಡಿಯುವ ಹುಡುಗರು ಬಣ್ಣದ ಜೊತೆಗೆ ಇದನ್ನೂ ಕೇಳಿ ತಿಳಿಯಲಿ. ವಾಲಿಸಿಕೊಂಡು ತಿರುವಿನಲ್ಲಿ ಹೋಗುವಾಗ ಸಾಧಾರಣ ಎ.ಬಿ.ಎಸ್. ಪೂರ್ತಿ ಕಾಪಾಡಲಾರದು, ತಿರುವಿಗೆ ಮೊದಲೇ ವೇಗ ಇಳಿಸಬೇಕು.

ಯಂತ್ರ ಏನೇನೂ ಮಾಡಲಾಗದ ಒಂದು ಸ್ಥಳವನ್ನೂ ಹೇಳಬೇಕು. ದಿಂಬಂನಿಂದ ಕೆಳಗೆ ಇಳಿಯುವಾಗ ಉದ್ದಕ್ಕೂ ಬ್ರೇಕನ್ನೇ ಒತ್ತಿಕೊಂಡು ಬಂದರೆ ಡ್ರಮ್ಮು, ಲೈನಿಂಗುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಕೆಳಗಿನ ತಿರುವಿಗೆ ಬರುವಷ್ಟರಲ್ಲಿ ಪೆಡಲು ಒತ್ತಿದರೂ ಗಾಡಿ ಕೇಳುವುದಿಲ್ಲ. ಇಲ್ಲಿ ಚಕ್ರ ಕಚ್ಚುವ ಪ್ರಶ್ನೆಯೇ ಇಲ್ಲವಾದುದರಿಂದ ಎ.ಬಿ.ಎಸ್. ಸುಮ್ಮನೆ ಕುಳಿತಿರುತ್ತದೆ. ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಬೇಕು ಎಂಬ ಹಳಬರ ಮಾತು ಕೆಲಸಕ್ಕೆ ಬರುವುದು ಇಲ್ಲಿ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಬಿಡುವವರನ್ನು ಕುರಿತು ಏನು ಹೇಳೋಣ! ಎಂಜಿನ್ ಆರಿಸಿದರಂತೂ ಕಾಲಿಗೆ ನೆರವಾಗುವ ಬ್ರೇಕಿನ ಬಲವೂ ಸ್ವಲ್ಪದರಲ್ಲೇ ಮುಗಿಯುತ್ತದೆ.

ದೂರದ ಲೆಕ್ಕವನ್ನೂ ಮಕ್ಕಳು ಮಾಡಿ ನೋಡಬಹುದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಅಪಾಯ ಕಂಡು ಕಾಲು ಪೆಡಲಿಗೆ ಬರಲು ಒಂದು ಸೆಕೆಂಡ್ ಹಿಡಿದರೆ, ಬ್ರೇಕು ಹತ್ತುವ ಮೊದಲೇ 17 ಮೀಟರು ಹೋಗಿರುತ್ತೇವೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ನಿಲ್ಲಲು ಮತ್ತೆ 20 ಮೀಟರು, ಒದ್ದೆಯಲ್ಲಿ 35ರಷ್ಟಾದರೂ ಬೇಕು. ಆ ಮೊದಲ 17 ಮೀಟರನ್ನು ಕಡಮೆ ಮಾಡುವ ಶಕ್ತಿ ಎ.ಬಿ.ಎಸ್.ಗೆ ಇಲ್ಲ. ಅದು ನುರಿತವನ ಪಾಲಿನದು: ಮುಂದಿನ ತಿರುವಿನ ಆಚೆ ಏನಿರಬಹುದೆಂದು ಊಹಿಸಿ, ಮೊದಲೇ ಕಾಲನ್ನು ಆಕ್ಸಿಲರೇಟರಿನಿಂದ ಎತ್ತುವವನದು.

ಒಂದು ವಿಷಯ ಉಳಿಯಿತು. ಕೀಲಿ ತಿರುಗಿಸಿದಾಗ ಮೀಟರಿನ ಬಳಿ ಎ.ಬಿ.ಎಸ್. ಎಂಬ ಹಳದಿ ದೀಪ ಹತ್ತಿ, ಸ್ವಲ್ಪ ಹೊತ್ತಿನಲ್ಲಿ ಆರಬೇಕು; ಬೈಕಿನಲ್ಲಾದರೆ ಸ್ವಲ್ಪ ದೂರ ಓಡಿದ ಮೇಲೆ ಆರುತ್ತದೆ. ಆರದೆ ಉಳಿದರೆ ಸಾಧಾರಣವಾಗಿ ಬ್ರೇಕು ಇರುತ್ತದೆ, ಚಕ್ರ ಕಚ್ಚದಂತೆ ನೋಡಿಕೊಳ್ಳುವವನು ಮಾತ್ರ ಇರುವುದಿಲ್ಲ. ಚಕ್ರದ ಸಂವೇದಕಕ್ಕೆ ಕೆಸರು ಮೆತ್ತಿದರೂ, ಅದರ ತಂತಿ ಕಡಿದರೂ ಹೀಗಾಗುವುದುಂಟು. ಮೆಕ್ಯಾನಿಕ್ಕಿಗೆ ತೋರಿಸುವ ತನಕ, ಕಾಲಿನಲ್ಲಿ ಕಲಿತ ಹಳೆಯ ವಿದ್ಯೆಯಿಂದಲೇ ಆ ಗಾಡಿಯನ್ನು ನಿಧಾನವಾಗಿ ನಡೆಸಬೇಕು.