ರತಿಕಲ್ಯಾಣ ಎಂಬ ಊರು

ಕರಾವಳಿಯ ಪತ್ರಿಕೆಗಳಲ್ಲಿ ಬರುವ 'ಇಂದಿನ ಯಕ್ಷಗಾನ' ಪಟ್ಟಿ ನೋಡಿದ್ದೀರಲ್ಲ? ಮೇಳ, ಪ್ರಸಂಗ, ಸ್ಥಳ. ಮಂಗಳೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು, ಗೆಳೆಯರ ಮೊಬೈಲಿಗೆಂದು ಅಂಥದೊಂದು ಪಟ್ಟಿಯನ್ನು ಜೇಸನ್ ಎಂಬ ದತ್ತಾಂಶ ರೂಪಕ್ಕೆ ತರಹೊರಟೆ. ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ನಾಲ್ಕೇ ಸಾಲು: ಅಲ್ಪವಿರಾಮ ಸಿಕ್ಕಲ್ಲೆಲ್ಲ ಕತ್ತರಿಸು, ತುಂಡಿಗೊಂದು ಹೆಸರು ಕಟ್ಟು. ಕತ್ತರಿಸುವ ಆ ಆಜ್ಞೆಯ ಹೆಸರೇ 'ಎಕ್ಸ್‌ಪ್ಲೋಡ್', ಸ್ಫೋಟ! ಹೆಸರಿಗೆ ತಕ್ಕ ಹಾಗೇ ಆಯಿತು. ಒಂದು ಆಟದ ಸ್ಥಳ 'ರತಿಕಲ್ಯಾಣ' ಎಂದು ಬಂತು. ಆ ರಾತ್ರಿ 'ಮಾನಿಷಾದ, ರತಿಕಲ್ಯಾಣ' ಎಂದು ಎರಡು ಪ್ರಸಂಗ, ನಡುವೆ ಅಲ್ಪವಿರಾಮ. ಅಸಲಿ ಸ್ಥಳ ಬಜಪೆ ಸಾಲಿನ ಕೊನೆಯಲ್ಲಿ ಅನಾಥವಾಗಿ ಬಿದ್ದಿತ್ತು.

ಅಲ್ಪವಿರಾಮ ಮನುಷ್ಯನನ್ನು ಹೀಗೆ ದಾರಿ ತಪ್ಪಿಸದು. ಮಂಗಳೂರಿನದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಸುಮಾರು 70,000 ಪದ. ಅಲ್ಲೂ ಅಲ್ಪವಿರಾಮಗಳಿಗೆ ಬರವಿಲ್ಲ. ಆದರೆ ಪದ ಯಾವುದು, ಅರ್ಥ ಎಲ್ಲಿಂದ ಶುರು ಎಂಬುದು ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ. ಮೊಳೆ ಜೋಡಿಸುವವನು ಓದುಗನ ಬುದ್ಧಿಯನ್ನು ನಂಬಬಹುದಿತ್ತು. ಗಣಕದ ಮೇಲೆ ಆ ನಂಬಿಕೆ ಇಡುವಂತಿಲ್ಲ.

ಐಬಿಎಂನ ಫೋರ್ಟ್ರಾನ್ ಗಣಕಭಾಷೆ 1972ರ ಹೊತ್ತಿಗೇ ಅಲ್ಪವಿರಾಮ ಹಾಕಿದ ಪಟ್ಟಿ ಓದುತ್ತಿತ್ತು. ಬರೀ ಅಂಕಿಗಳಿದ್ದರೆ ಸಲೀಸು (ನಮ್ಮವರು 1,50,000 ಎಂದು ಬರೆಯುವ ತನಕ). ಒಳಗೆ ಅಲ್ಪವಿರಾಮ ಇರುವ ಮಾತನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿ ಸುತ್ತಬೇಕೆಂಬ ರೂಢಿ ಆಮೇಲೆ ಬೆಳೆಯಿತು. ಅದೆಲ್ಲ ಒಂದು ದಾಖಲೆಯಾಗಿ ಅಂತರ್ಜಾಲದಲ್ಲಿ ಪ್ರಕಟವಾದದ್ದು 2005ರಲ್ಲಿ. ಪಿಎಚ್‌ಪಿಯ 'ಎಫ್‌ಗೆಟ್‌ಸಿಎಸ್‌ವಿ' ಆಜ್ಞೆ ಈ ಸುತ್ತನ್ನು ಗುರುತಿಸುತ್ತದೆ. ಎರಡು ಪ್ರಸಂಗಗಳಿಗೆ ಆ ಸುತ್ತು ಹಾಕಿ ಅದನ್ನೇ ಬಳಸಿದೆ, ಬಜಪೆ ತನ್ನ ಜಾಗಕ್ಕೆ ಬಂತು.

ಡಗ್ಲಾಸ್ ಕ್ರಾಕ್‌ಫರ್ಡ್ 2001ರಲ್ಲಿ ಹೆಸರಿಟ್ಟ ಜೇಸನ್‌ನ ನಿಜವಾದ ಉಪಕಾರ ಬೇರೆಯೇ. ಇಲ್ಲಿ 'ಪ್ರಸಂಗ' ಎಂಬ ಹೆಸರಿನ ಕೆಳಗೆ ಒಂದಲ್ಲ, ಎರಡು, ಬೇಕಾದರೆ ಮೂರು ಪ್ರಸಂಗಗಳನ್ನು ಚೌಕ ಕಂಸದಲ್ಲಿ ಬೇರೆಬೇರೆಯಾಗಿಯೇ ಇಡಬಹುದು. ಅಲ್ಪವಿರಾಮದ ಚಪ್ಪಟೆ ಸಾಲಿಗೆ ಇದು ಸಾಧ್ಯವಿಲ್ಲ. ಅಲ್ಲಿ ಎರಡು ಕಥೆಗಳೂ ಒಂದೇ ಮೂಟೆ.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರಬಿಟ್ಟ ಪಿಎಚ್‌ಪಿಗೆ ಜೇಸನ್ ಬರೆದುಕೊಡುವ ಆಜ್ಞೆ 'ಜೇಸನ್_ಎನ್‌ಕೋಡ್' ಸೇರಿದ್ದು 2006ರಲ್ಲಿ, 5.2 ಆವೃತ್ತಿಯಲ್ಲಿ. ಅದರದ್ದು ಇನ್ನೊಂದು ಆಟ. ನಮ್ಮ 'ಕ' ಅಕ್ಷರವನ್ನು ಕೊಟ್ಟರೆ ಓರೆಗೆರೆ, ಯು, ಸೊನ್ನೆ, ಸಿ, ಒಂಬತ್ತು, ಐದು ಎಂದು ಹೊರಹಾಕುತ್ತದೆ. ತಪ್ಪಲ್ಲ, ಮೊಬೈಲ್ ಅದನ್ನು ಮತ್ತೆ 'ಕ' ಎಂದೇ ತೋರಿಸುತ್ತದೆ. ಆದರೆ ಕಡತ ತೆರೆದು ತಪ್ಪು ಹುಡುಕುವ ಮನುಷ್ಯನ ಗತಿ? ಕನ್ನಡವನ್ನು ಕನ್ನಡವಾಗಿಯೇ ಬಿಡು ಎನ್ನುವ ಸೂಚನೆ ಸೇರಿಕೊಂಡದ್ದು 2012ರ 5.4 ಆವೃತ್ತಿಯಲ್ಲಿ.

ಎಲ್ಲ ಸರಿಯಾಯಿತೆಂದು ಗೆಳೆಯರಿಗೆ ಕಳಿಸಿದರೆ, ಮೇಳದ ಹೆಸರುಗಳೇ ನಾಪತ್ತೆ! ಕಡತದ ತಲೆಯಲ್ಲಿ ಕಣ್ಣಿಗೆ ಬೀಳದ ಮೂರು ಬೈಟ್‌ಗಳು. ಯೂನಿಕೋಡ್ ಗುರುತೆಂದು ಉಳಿಸುವಾಗ ಅಂಟಿಕೊಂಡವು. ಅದರಿಂದ ಮೊದಲ ಅಂಕಣದ 'ಮೇಳ' ಎಂಬ ಹೆಸರು, ನಾನು ಕೇಳಿದ 'ಮೇಳ'ಕ್ಕೆ ಹೊಂದುತ್ತಿರಲಿಲ್ಲ. ಆ ಬೈಟ್‌ಗಳನ್ನು ಕಿತ್ತು ಹಾಕುವಷ್ಟರಲ್ಲಿ ಬಜಪೆಯಲ್ಲಿ ಆಟಕ್ಕೆ ಮುಂಚಿನ ಚೌಕಿಪೂಜೆ ಮುಗಿದಿತ್ತು.